ಈ ಚಾನಲ್‌ನಲ್ಲಿ ನೀರು ಹರಿಯಲ್ಲ: ಕ್ವಾಂಟಂ ಚಾನಲ್ಲನ್ನು ಕೋಷ್ಟಕದಲ್ಲಿ ಬರೆಯೋದು ಹೇಗೆ?

ಪಕ್ಕದ ಮನೆ ಹುಡುಗ ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದಾನೆ. ಕಂಪ್ಯೂಟರ್ ಸೈನ್ಸ್. ಒಂದು ಸಂಜೆ ಫಿಸಿಕ್ಸ್ ನೋಟ್ಸ್ ಹಿಡಿದುಕೊಂಡು ಬಂದು, 'ಸಾರ್, ಕ್ವಾಂಟಂ ಚಾನಲ್ ಅಂದ್ರೆ ಏನು? ಅದನ್ನ ಮ್ಯಾಟ್ರಿಕ್ಸ್ ಮಾಡೋದು ಹೇಗೆ?' ಅಂತ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಜಗಲಿ ಮೇಲೆ ಕೂತಿದ್ದ ಅವನ ಅಜ್ಜ ಕೇಳಿದರು: 'ಯಾವ ಚಾನಲ್ಲೋ ತಮ್ಮಾ? ನೀರು ಬಿಟ್ರಂತಾ?'

ಅವರ ಗದ್ದೆ ಇರೋದು ಭದ್ರಾ ಬಲದಂಡೆ ನಾಲೆಯ ಕೊನೇ ಭಾಗದಲ್ಲಿ. ನಮ್ಮ ಕಡೆ ಚಾನಲ್ ಅಂದರೆ ಟಿವಿ ಅಲ್ಲ, ನಾಲೆ. ಹುಡುಗ ನಕ್ಕುಬಿಟ್ಟ. ನನಗೆ ಮಾತ್ರ ಅಜ್ಜನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ಅನ್ನಿಸಿತು. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಬಿಟ್ಟ ನೀರು ಅಷ್ಟೂ ಕೊನೇ ಗದ್ದೆಗೆ ಬರಲ್ಲ. ಒಂದಿಷ್ಟು ಇಂಗುತ್ತೆ, ಒಂದಿಷ್ಟು ಆರುತ್ತೆ, ಒಂದಿಷ್ಟು ನಡುವೆ ಯಾರದೋ ಪಂಪ್‌ಸೆಟ್ಟಿಗೆ ಹೋಗುತ್ತೆ. ಮೇಲೆ ಬಿಟ್ಟದ್ದಕ್ಕೂ ಕೆಳಗೆ ಬಂದದ್ದಕ್ಕೂ ಇರುವ ಸಂಬಂಧ ಏನು? ಅದನ್ನು ಬರೆದಿಟ್ಟರೆ ನಾಲೆಯ ಗುಣ ಗೊತ್ತಾದ ಹಾಗೆ. ಕ್ವಾಂಟಂ ಚಾನಲ್ ಕೂಡ ಇಂಥದ್ದೇ ಒಂದು ಸಂಬಂಧ. ಹರಿಯೋದು ನೀರಲ್ಲ, ಕ್ಯೂಬಿಟ್‌ನ, ಅಂದರೆ ಕ್ವಾಂಟಂ ಕಂಪ್ಯೂಟರಿನ ಬಿಟ್‌ನ, ಸ್ಥಿತಿ.

ಈಗ ಯಾಕೆ ಈ ಮಾತು?

ಕೇಂದ್ರ ಸಂಪುಟ 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ 6,003.65 ಕೋಟಿ ರೂಪಾಯಿ. ಅದರಲ್ಲಿ ಕಂಪ್ಯೂಟಿಂಗ್ ಭಾಗದ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಅದೇ ಐಐಎಸ್‌ಸಿಯ ಎರಡನೇ ಆವರಣ ಇರೋದು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ. 2025ನ್ನು ವಿಶ್ವಸಂಸ್ಥೆ ಕ್ವಾಂಟಂ ವಿಜ್ಞಾನದ ವರ್ಷ ಅಂತ ಕರೆಯಿತು. ಆ ವರ್ಷದ ಫಿಸಿಕ್ಸ್ ನೊಬೆಲ್ ಕೂಡ ವಿದ್ಯುತ್ ಸರ್ಕ್ಯೂಟಿನಲ್ಲಿ ಕ್ವಾಂಟಂ ನಡವಳಿಕೆ ತೋರಿಸಿದ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರಿಗೆ ಹೋಯಿತು. ಇಷ್ಟೆಲ್ಲ ಆಗಿ, ಈಗ ಮೊದಲ ವರ್ಷದ ಎಂಜಿನಿಯರಿಂಗ್ ಫಿಸಿಕ್ಸ್‌ನಲ್ಲೇ ಕ್ಯೂಬಿಟ್, ಪೌಲಿ ಮ್ಯಾಟ್ರಿಕ್ಸ್ ಬರುತ್ತಿವೆ. ಮನೆಯಲ್ಲಿ ಓದೋ ಮಕ್ಕಳಿದ್ದರೆ ಈ ಪದಗಳು ಇವತ್ತಲ್ಲ ನಾಳೆ ಜಗಲಿಗೂ ಬರುತ್ತವೆ.

ಕ್ವಾಂಟಂ ಕಂಪ್ಯೂಟರಿನ ದೊಡ್ಡ ತಲೆನೋವು ಗದ್ದಲ. ಕ್ಯೂಬಿಟ್ ಬಹಳ ಸೂಕ್ಷ್ಮ. ಸ್ವಲ್ಪ ಬಿಸಿ ತಾಗಿದರೂ, ಹತ್ತಿರದ ತಂತಿಯ ಸಿಗ್ನಲ್ ತಾಗಿದರೂ ಅದರ ಸ್ಥಿತಿ ಕೆಡುತ್ತೆ. ಹೇಗೆ ಕೆಡುತ್ತೆ, ಎಷ್ಟು ಕೆಡುತ್ತೆ ಅಂತ ಲೆಕ್ಕ ಇಡದೆ ಸರಿಮಾಡಲು ಆಗಲ್ಲ. ಆ ಲೆಕ್ಕದ ಪುಸ್ತಕವೇ ಕ್ವಾಂಟಂ ಚಾನಲ್‌ನ ಮ್ಯಾಟ್ರಿಕ್ಸ್. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಮಾತೃಕೆ ಅಂತ ಓದಿರಬಹುದು. ಅಡ್ಡಸಾಲು, ಕಂಬಸಾಲು ಇರುವ ಅಂಕಿಗಳ ಕೋಷ್ಟಕ, ಅಷ್ಟೇ.

ಈ ಲೆಕ್ಕ ಮಾಡೋದು ನಮ್ಮ ಮಾಮೂಲಿ ಕಂಪ್ಯೂಟರ್. ಈ ಕ್ಷೇತ್ರದವರು ಅದನ್ನು 'ಕ್ಲಾಸಿಕಲ್' ಅನ್ನುತ್ತಾರೆ. ಸಂಗೀತಕ್ಕೂ ಇದಕ್ಕೂ ಸಂಬಂಧ ಇಲ್ಲ. ಕ್ವಾಂಟಂ ಅಲ್ಲದ್ದು ಅಂತ ಅರ್ಥ.

ಕ್ಯೂಬಿಟ್‌ಗೆ ನಾಲ್ಕು ಪ್ರಶ್ನೆ

ಮಾಮೂಲಿ ಬಿಟ್ 0 ಅಥವಾ 1. ಕ್ಯೂಬಿಟ್ ಎರಡರ ಬೆರಕೆಯೂ ಆಗಿರಬಹುದು. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 'ಬೆರಕೆ ಅಂದ್ರೆ ನಾಣ್ಯ ಚಿಮ್ಮಿದ ಹಾಗೆ, ಅರ್ಧ ಅರ್ಧ, ಅಲ್ವಾ?' ಅಂತ ಕೇಳುತ್ತಾರೆ. ಅಲ್ಲ. ವ್ಯತ್ಯಾಸ ತಿಳಿಯಬೇಕಾದರೆ ಕ್ಯೂಬಿಟ್‌ಗೆ ಒಂದೇ ಪ್ರಶ್ನೆ ಕೇಳಿದರೆ ಸಾಲದು.

ಮೂರು ಪ್ರಶ್ನೆ ಕೇಳಬಹುದು. ಅವಕ್ಕೆ ಎಕ್ಸ್, ವೈ, ಝಡ್ ಅಂತ ಹೆಸರು. ವೋಲ್ಫ್‌ಗಾಂಗ್ ಪೌಲಿ ಅನ್ನುವ ವಿಜ್ಞಾನಿಯ ಹೆಸರಿನಲ್ಲಿ ಇವನ್ನು ಪೌಲಿ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಪ್ರತಿ ಪ್ರಶ್ನೆಗೂ ಸರಾಸರಿ ಉತ್ತರ −1ರಿಂದ +1ರ ನಡುವೆ ಇರುತ್ತೆ. ಝಡ್ ಪ್ರಶ್ನೆ ನೇರ: ನೀನು 0 ಆ, 1 ಆ? ಉತ್ತರ +1 ಬಂದರೆ ಅದು 0, −1 ಬಂದರೆ 1. ನಾಣ್ಯಕ್ಕೂ ಬೆರಕೆ ಕ್ಯೂಬಿಟ್‌ಗೂ ಝಡ್ ಉತ್ತರ ಸೊನ್ನೆಯೇ. ಅಲ್ಲಿಗೆ ಎರಡೂ ಒಂದೇ ಥರ ಕಾಣುತ್ತವೆ. ಎಕ್ಸ್ ಪ್ರಶ್ನೆ ಕೇಳಿದಾಗ ಬಣ್ಣ ಬಯಲಾಗುತ್ತೆ. ನಾಣ್ಯದ ಉತ್ತರ ಆಗಲೂ 0. ಸರಿಯಾಗಿ ತಯಾರಿಸಿದ ಬೆರಕೆ ಕ್ಯೂಬಿಟ್‌ನದು +1. ಕ್ವಾಂಟಂ ಅನ್ನುವ ಸರಕು ಅಡಗಿರೋದು ಅಲ್ಲೇ.

ಇವುಗಳ ಜೊತೆ ನಾಲ್ಕನೇದೊಂದು ಸುಲಭದ ಪ್ರಶ್ನೆ: 'ಇದ್ದೀಯ ತಾನೆ?' ಉತ್ತರ ಯಾವಾಗಲೂ 1. ಇದನ್ನು ಹಾಜರಿ ಅನ್ನೋಣ. ಹಾಜರಿ, ಎಕ್ಸ್, ವೈ, ಝಡ್. ಈ ನಾಲ್ಕು ಅಂಕಿ ಗೊತ್ತಿದ್ದರೆ ಒಂದು ಕ್ಯೂಬಿಟ್ ಬಗ್ಗೆ ಗೊತ್ತಾಗಬೇಕಾದ್ದೆಲ್ಲ ಗೊತ್ತಾಯಿತು.

ಚಾನಲ್ ಅಂದರೆ ನಾಲ್ಕು ಹೋಗಿ ನಾಲ್ಕು ಬರೋದು

ಹೋಗುವಾಗ ನಾಲ್ಕು ಅಂಕಿ, ಬರುವಾಗ ನಾಲ್ಕು ಅಂಕಿ. ನಡುವೆ 4 ಅಡ್ಡಸಾಲು, 4 ಕಂಬಸಾಲಿನ ಕೋಷ್ಟಕ. ಇದರ ಹೆಸರು ಪೌಲಿ ಟ್ರಾನ್ಸ್‌ಫರ್ ಮ್ಯಾಟ್ರಿಕ್ಸ್. ಒಂದು ಉದಾಹರಣೆ ನೋಡಿ. ಕ್ಯೂಬಿಟ್ ತನ್ನ ಶಕ್ತಿ ಕಳೆದುಕೊಂಡು 1ರಿಂದ 0ಗೆ ಜಾರುವ ಚಾನಲ್, ಜಾರುವ ಸಾಧ್ಯತೆ ನೂರಕ್ಕೆ 20:

ಹಾಜರಿ: 1, 0, 0, 0
ಎಕ್ಸ್: 0, 0.89, 0, 0
ವೈ: 0, 0, 0.89, 0
ಝಡ್: 0.2, 0, 0, 0.8

ಕೊನೇ ಸಾಲು ಓದೋಣ. ಹೊಸ ಝಡ್ = 0.2 × ಹಾಜರಿ + 0.8 × ಹಳೇ ಝಡ್. ಹಳೇದು −1 ಇದ್ದರೆ ಹೊಸದು 0.2 − 0.8, ಅಂದರೆ −0.6. ಹಳೇದು +1 ಇದ್ದರೆ 0.2 + 0.8, ಅಂದರೆ 1. ಮೊದಲೇ 0 ಆಗಿದ್ದ ಕ್ಯೂಬಿಟ್‌ಗೆ ಏನೂ ಆಗಲಿಲ್ಲ. 1 ಆಗಿದ್ದದ್ದು ಮಾತ್ರ ಜಾರಿತು. ನೀರು ಇಳಿಜಾರಿಗೇ ಹರಿಯುತ್ತೆ, ಏರಿಗೆ ಹರಿಯಲ್ಲ. ಆ ಇಳಿಜಾರು ಕೋಷ್ಟಕದಲ್ಲಿ ಮೂಲೆಯ 0.2 ಆಗಿ ಕೂತಿದೆ. ಮೊದಲ ಸಾಲಿನ 1, 0, 0, 0 ಹೇಳೋದು ಕ್ಯೂಬಿಟ್ ಎಲ್ಲೂ ಕಳೆದುಹೋಗಿಲ್ಲ ಅಂತ. ಆ ಸಾಲು ಬದಲಾಗದ್ದರಿಂದ ಒಂದು ಕ್ಯೂಬಿಟ್‌ನ ಚಾನಲ್ ಅಳೆಯಲು 16ರ ಬದಲು 12 ಅಂಕಿ ಹುಡುಕಿದರೆ ಸಾಕು.

ಇನ್ನೊಂದು ಬಗೆಯ ಗದ್ದಲದಲ್ಲಿ 0, 1 ಎರಡೂ ಹಾಗೇ ಉಳಿಯುತ್ತವೆ, ಬೆರಕೆ ಮಾತ್ರ ಸವೆಯುತ್ತೆ. ಅದರ ಕೋಷ್ಟಕ ಇನ್ನೂ ಸರಳ. ಕರ್ಣದಲ್ಲಿ (ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಎಳೆದ ಗೀಟಿನಲ್ಲಿ) 1, 0.8, 0.8, 1, ಉಳಿದದ್ದೆಲ್ಲ ಸೊನ್ನೆ. ಇಂಥ ಚಾನಲ್ಲನ್ನು ಐದು ಸಲ ಹಾದರೆ? ಕೋಷ್ಟಕಗಳನ್ನು ಗುಣಿಸಿದರೆ ಆಯಿತು. 0.8ನ್ನು ಐದು ಸಲ ಗುಣಿಸಿದರೆ 0.33. ಝಡ್ ಪ್ರಶ್ನೆ ಮಾತ್ರ ಕೇಳುತ್ತಿದ್ದವನಿಗೆ ಏನೂ ಆಗಿಲ್ಲ ಅನ್ನಿಸುತ್ತೆ. ಅಷ್ಟರಲ್ಲಿ ಕ್ವಾಂಟಂ ಸರಕಿನ ಮೂರರಲ್ಲಿ ಎರಡು ಪಾಲು ಇಂಗಿಹೋಗಿದೆ.

ಒಂದೇ ನಾಲೆ, ಬೇರೆ ಬೇರೆ ಪುಸ್ತಕ

ಅಂಗಡಿಯಲ್ಲಿ ದಿನದ ಪುಸ್ತಕ ಬೇರೆ, ಖಾತೆ ಪುಸ್ತಕ ಬೇರೆ. ವ್ಯಾಪಾರ ಒಂದೇ. ಚಾನಲ್ಲನ್ನೂ ಹಾಗೇ ಹಲವು ಥರ ಬರೆಯುತ್ತಾರೆ. ಪೌಲಿ ಕೋಷ್ಟಕವನ್ನು ಈಗ ನೋಡಿದಿರಿ. ಚಾನಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಲು ಅದು ಚೆನ್ನ. ಎರಡನೇದು ಕ್ರೌಸ್ ರೂಪ. ಆಗಬಹುದಾದ ಅವಘಡಗಳ ಪಟ್ಟಿ ಅನ್ನಿ, ಪ್ರತಿ ಅವಘಡಕ್ಕೂ ಒಂದೊಂದು ಮ್ಯಾಟ್ರಿಕ್ಸ್. ಗದ್ದಲಕ್ಕೆ ಕಾರಣ ಏನು ಅಂತ ಯೋಚಿಸುವವರು ಸಾಮಾನ್ಯವಾಗಿ ಇದರಿಂದಲೇ ಶುರು ಮಾಡುತ್ತಾರೆ.

ಮೂರನೇದು ಚೋಯಿ ಮ್ಯಾಟ್ರಿಕ್ಸ್. ನನಗೆ ಇದೇ ಹೆಚ್ಚು ಇಷ್ಟ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ. ಒಟ್ಟಿಗೆ ಪಳಗಿಸಿದ ಜೋಡಿ ಎತ್ತು ಇವೆ ಅಂದುಕೊಳ್ಳಿ. ಒಂದನ್ನು ಮನೆಯಲ್ಲೇ ಕಟ್ಟಿ, ಇನ್ನೊಂದನ್ನು ದೂರದ ಜಾತ್ರೆಗೆ ಕಳಿಸುತ್ತೀರಿ. ವಾಪಸ್ ಬಂದ ಮೇಲೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ನೋಡುತ್ತೀರಿ. ಹೆಜ್ಜೆ ಎಲ್ಲಿ ತಪ್ಪಿದೆ ಅನ್ನೋದರಿಂದ ದಾರಿ ಹೇಗಿತ್ತು ಅಂತ ತಿಳಿಯುತ್ತೆ. ಕ್ಯೂಬಿಟ್‌ನಲ್ಲೂ ಹೆಣೆದುಕೊಂಡ ಜೋಡಿ ತಯಾರಿಸಬಹುದು. ಒಂದನ್ನು ಮಾತ್ರ ಚಾನಲ್ ಹಾಯಿಸಿದರೆ, ಕೊನೆಗೆ ಉಳಿಯುವ ಜೋಡಿಯ ಸ್ಥಿತಿಯೇ ಚೋಯಿ ಮ್ಯಾಟ್ರಿಕ್ಸ್.

ಇಷ್ಟು ಕಷ್ಟ ಯಾಕೆ ಅಂದರೆ, ಕಣ್ಣಿಗೆ ಸರಿ ಕಾಣುವ ಎಲ್ಲ ಕೋಷ್ಟಕವೂ ನಿಜವಾದ ಚಾನಲ್ ಅಲ್ಲ. ಕರ್ಣದಲ್ಲಿ 1, 1, −1, 1 ಇರುವ ಕೋಷ್ಟಕ ತಗೊಳ್ಳಿ. ವೈ ಉತ್ತರದ ಚಿಹ್ನೆ ಮಾತ್ರ ತಿರುಗಿಸುತ್ತೆ. ಒಂಟಿ ಕ್ಯೂಬಿಟ್ ಹಾಕಿ ನೋಡಿದರೆ ಏನೂ ತಪ್ಪು ಕಾಣಲ್ಲ. ಜೋಡಿಯಲ್ಲಿ ಒಂದನ್ನು ಹಾಕಿ ನೋಡಿ, ಸಾಧ್ಯತೆ ಸೊನ್ನೆಗಿಂತ ಕಡಿಮೆ ಬರುತ್ತೆ! ಮಳೆ ಬರುವ ಸಾಧ್ಯತೆ ನೂರಕ್ಕೆ ಮೈನಸ್ ಹತ್ತು ಅಂದ ಹಾಗೆ. ಅಂಥ ಯಂತ್ರ ಲೋಕದಲ್ಲಿ ಇರಲು ಸಾಧ್ಯ ಇಲ್ಲ. ಈ ಮೋಸ ಚೋಯಿ ರೂಪದಲ್ಲಿ ತಕ್ಷಣ ಸಿಕ್ಕಿಬೀಳುತ್ತೆ.

ಗಣಿತಜ್ಞ ಮಾನ್-ಡುಯೆನ್ ಚೋಯಿ ಇದನ್ನು 1975ರಲ್ಲಿ ಸಾಧಿಸಿದರು. ಆದರೆ ಇಂಥ ಮ್ಯಾಟ್ರಿಕ್ಸ್ 1961ರಲ್ಲೇ ಕಾಣಿಸಿಕೊಂಡಿತ್ತು. ಬರೆದವರು ಇ.ಸಿ.ಜಿ. ಸುದರ್ಶನ್, ಮ್ಯಾಥ್ಯೂಸ್ ಮತ್ತು ರಾವ್. ಸುದರ್ಶನ್ ಕೇರಳದಲ್ಲಿ ಹುಟ್ಟಿದವರು, ಮುಂದೆ ಐಐಎಸ್‌ಸಿಯಲ್ಲೂ ಕೆಲಸ ಮಾಡಿದವರು. ಈ ಹೆಸರುಗಳು ಪಾಠದಲ್ಲಿ ಸುಲಭಕ್ಕೆ ಸಿಗಲ್ಲ, ಅದಕ್ಕೇ ಇಲ್ಲಿ ಹೇಳಿದೆ.

ಒಂದೊಂದು ಕೆಲಸಕ್ಕೆ ಒಂದೊಂದು ಪುಸ್ತಕ ಬೇಕು ಅಂದಮೇಲೆ, ಒಂದರಿಂದ ಇನ್ನೊಂದಕ್ಕೆ ಲೆಕ್ಕ ಇಳಿಸುತ್ತಲೇ ಇರಬೇಕು. ಕಷ್ಟ ಶುರುವಾಗೋದು ಅಲ್ಲಿ.

ಏಳಕ್ಕೆ ಹಿಡಿಯುತ್ತೆ, ಎಂಟಕ್ಕೆ ಹಿಡಿಯಲ್ಲ

ಒಂದು ಕ್ಯೂಬಿಟ್‌ಗೆ 4 ಪ್ರಶ್ನೆ. ಎರಡಕ್ಕೆ 16, ಯಾಕೆಂದರೆ 'ಮೊದಲನೇದಕ್ಕೆ ಎಕ್ಸ್, ಎರಡನೇದಕ್ಕೆ ಝಡ್' ಅಂತ ಜೋಡಿ ಪ್ರಶ್ನೆಗಳೂ ಬೇಕು. ಮೂರಕ್ಕೆ 64. ಒಂದು ಕ್ಯೂಬಿಟ್ ಜಾಸ್ತಿ ಆದಾಗಲೆಲ್ಲ ಪ್ರಶ್ನೆ ನಾಲ್ಕು ಪಟ್ಟು. ಚಾನಲ್ ಕೋಷ್ಟಕಕ್ಕೆ ಎರಡು ಬದಿ ಇರೋದರಿಂದ ಅದು ಬೆಳೆಯೋದು 16 ಪಟ್ಟು.

ಒಂದಕ್ಕೆ 16 ಅಂಕಿ. ಎರಡಕ್ಕೆ 256. ಐದಕ್ಕೆ 10,48,576. ಏಳಕ್ಕೆ ಸುಮಾರು 26.8 ಕೋಟಿ. ಒಂದು ಅಂಕಿಗೆ 8 ಬೈಟ್ ಅಂದರೂ 2 ಜಿಬಿ ಮೇಲಾಯಿತು. 16 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಹಿಡಿಯುತ್ತೆ. ಎಂಟಕ್ಕೆ 429 ಕೋಟಿ ಅಂಕಿ, 34 ಜಿಬಿ. ಹಿಡಿಯಲ್ಲ. ದುರ್ಗದ ಕೋಟೆ ಥರ ಈ ಲ್ಯಾಪ್‌ಟಾಪ್‌ಗೂ ಏಳೇ ಸುತ್ತು. ಹತ್ತು ಕ್ಯೂಬಿಟ್‌ಗೆ ಹೋದರೆ 1.1 ಲಕ್ಷ ಕೋಟಿ ಅಂಕಿ.

ಇದು ಕೋಷ್ಟಕವನ್ನು ಇಟ್ಟುಕೊಳ್ಳುವ ಜಾಗದ ಮಾತು. ಜಾಗ ಇದ್ದರೂ ತುಂಬಿಸುವ ಕೂಲಿ ಬೇರೆ ಇದೆ. ಕ್ರೌಸ್ ಪಟ್ಟಿಯಿಂದ ಪೌಲಿ ಕೋಷ್ಟಕ ಮಾಡಬೇಕು ಅಂದುಕೊಳ್ಳಿ. ಪಠ್ಯದ ಸೂತ್ರ ಹೇಳೋದು: ಕೋಷ್ಟಕದ ಪ್ರತಿ ಮನೆಗೂ ಮ್ಯಾಟ್ರಿಕ್ಸ್‌ಗಳನ್ನು ಗುಣಿಸು, ಕರ್ಣವನ್ನು ಕೂಡು, ಅಂಕಿ ಬರಿ. ಐದು ಕ್ಯೂಬಿಟ್ ಆದರೆ ಮನೆಗಳು ಹತ್ತು ಲಕ್ಷ. ಒಂದೊಂದು ಮನೆಗೂ 32ಕ್ಕೆ 32ರ ಮ್ಯಾಟ್ರಿಕ್ಸ್ ಗುಣಾಕಾರ, ಅಂದರೆ 32,768 ಸಣ್ಣ ಗುಣಾಕಾರ. ಒಟ್ಟು ಸುಮಾರು 3,436 ಕೋಟಿ. ಅದೂ ಅವಘಡ ಪಟ್ಟಿಯ ಒಂದೊಂದು ಮ್ಯಾಟ್ರಿಕ್ಸ್‌ಗೆ.

ದೋಸೆ ಲೆಕ್ಕ

ಇಲ್ಲಿ ಬರುತ್ತೆ ಜಾಣ ಆಲ್ಗಾರಿದಮ್. ಆಲ್ಗಾರಿದಮ್ ಅಂದರೆ ಲೆಕ್ಕ ಮಾಡುವ ಕ್ರಮ. ಉತ್ತರ ಅದೇ, ದಾರಿ ಹತ್ತಿರದ್ದು. ಇದನ್ನು ಹುಡುಗನಿಗೆ ಬೆಣ್ಣೆ ದೋಸೆ ಹೋಟೆಲಿನ ಲೆಕ್ಕದಲ್ಲಿ ಹೇಳಿದೆ. ನಮ್ಮೂರಲ್ಲಿ ಬೇರೆ ಯಾವ ಉದಾಹರಣೆ ನಡೆಯುತ್ತೆ ಹೇಳಿ?

ಒಬ್ಬರಿಗೆ ಎರಡು ಹೋಟೆಲ್. ಮೊದಲನೇ ಹೋಟೆಲಿನಲ್ಲಿ ಬೆಳಿಗ್ಗೆ 90 ದೋಸೆ, ಸಂಜೆ 60. ಎರಡನೇ ಹೋಟೆಲಿನಲ್ಲಿ ಬೆಳಿಗ್ಗೆ 70, ಸಂಜೆ 40. ಮಾಲೀಕರಿಗೆ ನಾಲ್ಕು ಉತ್ತರ ಬೇಕು. ಒಟ್ಟು ಎಷ್ಟು? ಸಂಜೆಗಿಂತ ಬೆಳಿಗ್ಗೆ ಎಷ್ಟು ಜಾಸ್ತಿ? ಎರಡನೇದಕ್ಕಿಂತ ಮೊದಲನೇ ಹೋಟೆಲ್ ಎಷ್ಟು ಮುಂದೆ? ಬೆಳಿಗ್ಗೆ-ಸಂಜೆ ವ್ಯತ್ಯಾಸ ಎರಡೂ ಹೋಟೆಲಿನಲ್ಲಿ ಒಂದೇನಾ?

ಪ್ರತಿ ಪ್ರಶ್ನೆಗೂ ಹೊಸದಾಗಿ ನಾಲ್ಕು ಅಂಕಿ ಹಿಡಿದು ಕೂಡಿ ಕಳೆದರೆ, ಒಂದಕ್ಕೆ 3 ಲೆಕ್ಕದಂತೆ ನಾಲ್ಕಕ್ಕೆ 12. ಜಾಣ ಗುಮಾಸ್ತ ಹಾಗೆ ಮಾಡಲ್ಲ. ಮೊದಲು ಒಂದೊಂದು ಹೋಟೆಲಿನ ಮೊತ್ತ ಮತ್ತು ವ್ಯತ್ಯಾಸ ಬರೆದಿಡುತ್ತಾನೆ. ಮೊದಲನೇದು 150, 30. ಎರಡನೇದು 110, 30. ಆಮೇಲೆ ಈ ಉತ್ತರಗಳನ್ನೇ ಮತ್ತೆ ಕೂಡಿ ಕಳೆಯುತ್ತಾನೆ. ಮೊತ್ತಗಳಿಂದ 260 ಮತ್ತು 40. ವ್ಯತ್ಯಾಸಗಳಿಂದ 60 ಮತ್ತು 0. ಎಂಟೇ ಲೆಕ್ಕದಲ್ಲಿ ನಾಲ್ಕೂ ಉತ್ತರ ಬಂತು.

12ರ ಜಾಗದಲ್ಲಿ 8 ಅಂದರೆ ಏನು ಮಹಾ ಅನ್ನಿಸಬಹುದು. ನಾಲ್ಕರ ಬದಲು 1,024 ಅಂಕಿ ಇರಲಿ. ಒಂದೊಂದಾಗಿ ಮಾಡಿದರೆ 10,47,552 ಲೆಕ್ಕ. ಗುಮಾಸ್ತನ ದಾರಿಯಲ್ಲಿ 10 ಸುತ್ತು, ಸುತ್ತಿಗೆ 1,024, ಒಟ್ಟು 10,240. ನೂರು ಪಟ್ಟು ಕಡಿಮೆ. ಒಮ್ಮೆ ಕೂಡಿದ್ದನ್ನು ಮತ್ತೆ ಕೂಡುವುದಿಲ್ಲ, ಗುಟ್ಟು ಇಷ್ಟೇ. ಇದಕ್ಕೆ ವಾಲ್ಶ್-ಹಾಡಮಾರ್ ಪರಿವರ್ತನೆ ಅಂತ ದೊಡ್ಡ ಹೆಸರಿದೆ. ಸಿಗ್ನಲ್‌ಗಳ ಲೆಕ್ಕದಲ್ಲಿ ಬಳಸುವ ಫಾಸ್ಟ್ ಫೋರಿಯರ್ ಪರಿವರ್ತನೆಯೂ ಇದೇ ಬಳಗದ್ದು. ಅದನ್ನು ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದರು. ಕೂಲಿ ಉಳಿಸಿದವರ ಹೆಸರೇ ಕೂಲಿ!

ದೋಸೆಯಿಂದ ಕ್ಯೂಬಿಟ್‌ಗೆ

ಮ್ಯಾಟ್ರಿಕ್ಸ್‌ಗೆ ಇದನ್ನು ಹೊಂದಿಸೋದು ಕಷ್ಟ ಅಲ್ಲ. ದೊಡ್ಡ ಮ್ಯಾಟ್ರಿಕ್ಸನ್ನು ನಡುವೆ ಅಡ್ಡಕ್ಕೂ ಉದ್ದಕ್ಕೂ ಗೀಟು ಎಳೆದು ನಾಲ್ಕು ತುಂಡು ಮಾಡಿ. ಮೇಲೆಡ, ಮೇಲ್ಬಲ, ಕೆಳಗೆಡ, ಕೆಳಬಲ. ಮೇಲೆಡ ಮತ್ತು ಕೆಳಬಲ ತುಂಡುಗಳನ್ನು ಕೂಡಿ ಅರ್ಧ ಮಾಡಿದರೆ ಹಾಜರಿ ಪಾಲು. ಅವನ್ನೇ ಕಳೆದು ಅರ್ಧ ಮಾಡಿದರೆ ಝಡ್ ಪಾಲು. ಮಿಕ್ಕ ಎರಡು ತುಂಡುಗಳನ್ನು ಕೂಡಿ ಅರ್ಧ ಮಾಡಿದರೆ ಎಕ್ಸ್ ಪಾಲು. ಮೇಲ್ಬಲದಿಂದ ಕೆಳಗೆಡ ಕಳೆದು ಅರ್ಧ ಮಾಡಿದರೆ ವೈ ಪಾಲು. ಅದಕ್ಕೆ ಮೈನಸ್ ಒಂದರ ವರ್ಗಮೂಲವನ್ನೂ ಗುಣಿಸಬೇಕು, ಪಿಯುಸಿಯ ಮಿಶ್ರ ಸಂಖ್ಯೆ ನೆನಪಿದ್ದವರಿಗೆ ಅದು ಹೊಸದಲ್ಲ. ಇದು ಮೊದಲ ಕ್ಯೂಬಿಟ್‌ನ ಸುತ್ತು. ಬಂದ ಒಂದೊಂದು ಪಾಲನ್ನೂ ಮತ್ತೆ ನಾಲ್ಕು ತುಂಡು ಮಾಡಿದರೆ ಎರಡನೇ ಕ್ಯೂಬಿಟ್‌ನ ಸುತ್ತು. ತುಂಡು ಒಂದೇ ಅಂಕಿ ಆಗುವವರೆಗೆ ಹೀಗೇ.

ಚಾನಲ್‌ಗಾದರೆ ಅದರ ಚೋಯಿ ಮ್ಯಾಟ್ರಿಕ್ಸನ್ನು ಹೀಗೆ ತುಂಡು ಮಾಡಬೇಕು. ಹೋಗುವ ಬದಿಗೆ ಒಮ್ಮೆ, ಬರುವ ಬದಿಗೆ ಒಮ್ಮೆ, ಒಂದು ಕ್ಯೂಬಿಟ್‌ಗೆ ಎರಡು ಸುತ್ತು. ಐದು ಕ್ಯೂಬಿಟ್‌ಗೆ ಹತ್ತು ಸುತ್ತು, ಸುತ್ತಿಗೆ 10,48,576 ಲೆಕ್ಕ. ಒಟ್ಟು ಒಂದು ಕೋಟಿ ಚಿಲ್ಲರೆ. ಮೊದಲಿನ 3,436 ಕೋಟಿ ಎಲ್ಲಿ, ಇದೆಲ್ಲಿ! ಮೂರು ಸಾವಿರ ಪಟ್ಟಿಗೂ ಹೆಚ್ಚು ಉಳಿತಾಯ.

ಇನ್ನೊಂದು ಲಾಭ ಇದೆ. ನಮ್ಮ ದೋಸೆ ಲೆಕ್ಕದಲ್ಲಿ ಕೊನೇ ಉತ್ತರ 0 ಬಂತು, ನೆನಪಿದೆಯಾ? ಕ್ವಾಂಟಂ ಲೆಕ್ಕದಲ್ಲಿ ಇಡೀ ತುಂಡುಗಳೇ ಸೊನ್ನೆ ಆಗೋದು ಅಪರೂಪ ಅಲ್ಲ. ಅಂಥ ತುಂಡು ಸಿಕ್ಕರೆ ಅದರ ಒಳಗೆ ಇಳಿಯುವ ಅಗತ್ಯವೇ ಇಲ್ಲ. ಅಲ್ಲಿಗೇ ಬಿಟ್ಟು ಮುಂದೆ ಹೋಗಬಹುದು. ಮ್ಯಾಟ್ರಿಕ್ಸ್ ಎಷ್ಟು ಖಾಲಿ ಇದೆಯೋ ಅಷ್ಟು ಬೇಗ ಕೆಲಸ ಮುಗಿಯುತ್ತೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಜಾಣತನ ಕೂಲಿ ಉಳಿಸುತ್ತೆ, ಜಾಗ ಉಳಿಸಲ್ಲ. ಅಂಕಿಗಳನ್ನೆಲ್ಲ ಬರೆಯಲೇಬೇಕು ಅಂದರೆ 16 ಪಟ್ಟು ಬೆಳೆಯುವ ಕೋಷ್ಟಕ ಹಾಗೇ ಬೆಳೆಯುತ್ತೆ. 'ವೇಗದ ಆಲ್ಗಾರಿದಮ್ ಬಂತು, ಇನ್ನು ಎಷ್ಟು ಕ್ಯೂಬಿಟ್ ಆದರೂ ಸರಿ' ಅಂತ ಯಾರಾದರೂ ಅಂದರೆ ನಂಬಬೇಡಿ.

ಬರೆಯದೇ ಇರುವ ಕೋಷ್ಟಕ

ಜಾಗವನ್ನೂ ಉಳಿಸುವ ದಾರಿ ಒಂದಿದೆ: ದೊಡ್ಡ ಕೋಷ್ಟಕವನ್ನು ಬರೆಯದೇ ಇರೋದು. ಹತ್ತು ಕ್ಯೂಬಿಟ್ ಇದ್ದು, ಒಂದೊಂದೂ ತನ್ನ ಪಾಡಿಗೆ ತಾನು ಕೆಡುತ್ತೆ ಅಂದರೆ, ಹತ್ತು ಸಣ್ಣ ಕೋಷ್ಟಕ ಸಾಕು. ಒಂದಕ್ಕೆ 16ರಂತೆ 160 ಅಂಕಿ. 1.1 ಲಕ್ಷ ಕೋಟಿಯ ಜಾಗದಲ್ಲಿ ಬರೀ 160! ಬೇಕಾದಾಗ ಬೇಕಾದ ಮನೆಯ ಅಂಕಿಯನ್ನು ಗುಣಿಸಿ ತೆಗೆಯಬಹುದು. ಕೆಲವರು ಬೇಕಂತಲೇ ಚೀಟಿ ಎತ್ತಿದಂತೆ ಆರಿಸಿದ ಪೌಲಿ ಗೇಟುಗಳನ್ನು (ಕ್ಯೂಬಿಟ್ ಮೇಲೆ ಮಾಡುವ ಎಕ್ಸ್, ವೈ, ಝಡ್ ಕ್ರಿಯೆಗಳನ್ನು) ಚಾನಲ್‌ನ ಹಿಂದೆ ಮುಂದೆ ಹಾಕಿ, ಸರಾಸರಿಯಲ್ಲಿ ಕರ್ಣದ ಅಂಕಿಗಳು ಮಾತ್ರ ಉಳಿಯುವ ಹಾಗೆ ಮಾಡುತ್ತಾರೆ. ಆಗ ಐದು ಕ್ಯೂಬಿಟ್‌ಗೆ ಹತ್ತು ಲಕ್ಷದ ಬದಲು 1,024 ಅಂಕಿ.

ತೊಂದರೆ ಬರೋದು ಕ್ಯೂಬಿಟ್‌ಗಳು ತಮ್ಮ ಪಾಡಿಗೆ ತಾವು ಇರದಿದ್ದಾಗ. ಒಂದಕ್ಕೆ ಕೊಟ್ಟ ಸಿಗ್ನಲ್ ಪಕ್ಕದ್ದಕ್ಕೂ ತಾಗುತ್ತೆ. ಇದಕ್ಕೆ ಕ್ರಾಸ್‌ಟಾಕ್ ಅನ್ನುತ್ತಾರೆ. ಆಗ ಆ ಎರಡಕ್ಕೂ ಸೇರಿ 256 ಅಂಕಿಯ ಕೋಷ್ಟಕ ಬೇಕು, ಮೂರು ಸೇರಿಕೊಂಡರೆ 4,096. ಯಾವ ಕ್ಯೂಬಿಟ್ ಯಾರ ಜೊತೆ ಸೇರಿದೆ ಅಂತ ಮೊದಲು ಗೊತ್ತಾಗಬೇಕು. ಅದನ್ನು ಅಳತೆ ಮಾಡಿಯೇ ಕಂಡುಹಿಡಿಯಬೇಕು.

ಇಷ್ಟು ಹೇಳುವಾಗ ಅಜ್ಜ ಕಿವಿ ಕೊಟ್ಟೇ ಕೂತಿದ್ದರು. 'ಮೇಲಿನ ಗದ್ದೆ ನೀರು ಬದು ದಾಟಿ ನಮ್ಮದಕ್ಕೆ ಜಿನುಗುತ್ತಲ್ಲ, ಹಂಗಾ?' ಅಂದರು. ಹಂಗೇ ಅಂದೆ. ಹುಡುಗ ಆಗಲೇ ನೋಟ್ಸ್ ಹಿಂದಿನ ಪುಟದಲ್ಲಿ ಗೀಟು ಎಳೆದು, ಒಂದು ಮ್ಯಾಟ್ರಿಕ್ಸನ್ನು ನಾಲ್ಕು ತುಂಡು ಮಾಡುತ್ತಿದ್ದ.